ಬೈಲಕುಪ್ಪೆಯ ಟಿಬೆಟನ್ನರು: ಒಂದು ಜನಾಂಗದ ಮೂಲ ಮತ್ತು ರಾಜ್ಯ



ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸು ಹುಣಸೂರನ್ನು ದಾಟಿ, ಪಿರಿಯಾಪಟ್ಟಣವನ್ನು ಹಿಂದೆ ಬಿಟ್ಟು, ಕುಶಾಲನಗರದ ಕಾವೇರಿ ಸೇತುವೆಗೆ ಬರುವ ಮುನ್ನ ಬೈಲಕುಪ್ಪೆ ಸಿಗುತ್ತದೆ. ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋಗಿಯೇ ಇರುತ್ತೀರಿ. ಚಿನ್ನದ ಬಣ್ಣದ ಬುದ್ಧನ ಮೂರ್ತಿಗಳನ್ನು ನೋಡಿರುತ್ತೀರಿ, ಮೋಮೋ ತಿಂದಿರುತ್ತೀರಿ. ದೂರದರ್ಶನದ ಕ್ಯಾಮರಾಕ್ಕೂ ಆ ಚಿನ್ನದ ಬಣ್ಣ ಬಲು ಪ್ರಿಯ. ನಾವು ಕೂಡ ಅದನ್ನೇ ಮತ್ತೆ ಮತ್ತೆ ತೋರಿಸುತ್ತೇವೆ. ಆದರೆ ಆ ಮೂರ್ತಿಗಳ ಹಿಂದಿರುವ ಜನ ಯಾರು? ಎಲ್ಲಿಂದ ಬಂದರು? ಅವರಿಗೊಂದು ರಾಜ್ಯವಿತ್ತೇ, ಇದ್ದರೆ ಅದು ಏನಾಯಿತು? ಇಂದಿನ ಭಾಷಣದಲ್ಲಿ ಈ ಪ್ರಶ್ನೆಗಳನ್ನು ನೋಡೋಣ.

ಅಲ್ಲಿನ ನಾಮಫಲಕದಿಂದಲೇ ಆರಂಭಿಸಬಹುದು. ಕನ್ನಡ, ಇಂಗ್ಲಿಷ್‌ಗಳ ಜೊತೆಗೆ ಟಿಬೆಟನ್ ಲಿಪಿಯ ಬರಹ ಅಲ್ಲಿ ಕಾಣುತ್ತದೆ. ಮೇಲ್ನೋಟಕ್ಕೆ ಚೀನೀ ಬರಹವಿರಬೇಕೆಂದು ಎಷ್ಟೋ ಜನ ಭಾವಿಸುತ್ತಾರೆ. ಅಲ್ಲ. ಅಲ್ಲಿನ ಒಂದನೆಯ ತರಗತಿಯ ಮಗು ಅಕ್ಷರಮಾಲೆ ಹೇಳುವುದನ್ನು ಕೇಳಿ: ಕ, ಖ, ಗ, ಙ, ಚ, ಛ, ಜ, ಞ, ತ, ಥ, ದ, ನ, ಪ, ಫ, ಬ, ಮ. ನಮ್ಮ ವರ್ಗೀಯ ವ್ಯಂಜನಗಳೇ, ಅದೇ ಕ್ರಮದಲ್ಲಿ! ಘ, ಝ, ಧ, ಭ ಮಾತ್ರ ಇಲ್ಲ. ಆ ಧ್ವನಿಗಳು ಅವರ ಭಾಷೆಗೆ ಬೇಕಾಗಿರಲಿಲ್ಲ. ಟವರ್ಗವೂ ಇಲ್ಲ. ಸಂಸ್ಕೃತ ಶಬ್ದ ಬರೆಯುವಾಗ ಟಕಾರ ಬಂದರೆ ತಮ್ಮ ತಕಾರವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾರೆ. ಒಟ್ಟು ಮೂವತ್ತು ವ್ಯಂಜನಗಳು, ನಾಲ್ಕು ಸ್ವರಚಿಹ್ನೆಗಳು. ಕನ್ನಡ ಲಿಪಿಯಂತೆ ಟಿಬೆಟನ್ ಲಿಪಿಯೂ ಬ್ರಾಹ್ಮಿಯ ವಂಶದ್ದು. ಭಾಷೆ ಮಾತ್ರ ನಮಗೆ ನಂಟಲ್ಲ; ಅದು ಬರ್ಮೀ ಭಾಷೆಯ ಹತ್ತಿರದ ಬಂಧು, ಚೀನೀ ಭಾಷೆಯ ದೂರದ ಬಂಧು. ಲಿಪಿ ಒಂದು ಕಡೆಯಿಂದ, ಭಾಷೆ ಇನ್ನೊಂದು ಕಡೆಯಿಂದ. ಒಂದು ಜನಾಂಗದ ಮೂಲವನ್ನು ಹುಡುಕಲು ಹೊರಟವನಿಗೆ ಮೊದಲು ಎದುರಾಗುವ ಗಂಟು ಇದೇ.

ಈ ಲಿಪಿ ಮತ್ತು ಭಾಷೆಯನ್ನು ಪಾಶ್ಚಾತ್ಯ ಜಗತ್ತಿಗೆ ಶಾಸ್ತ್ರೀಯವಾಗಿ ಪರಿಚಯಿಸಿದವನು ತನ್ನ ಸ್ವಂತ ಜನಾಂಗದ ಮೂಲವನ್ನು ಹುಡುಕಿಕೊಂಡು ಬಂದ ಒಬ್ಬ ಹಂಗೇರಿಯನ್ ಎಂಬುದು ವಿಚಿತ್ರವಾದರೂ ನಿಜ. ಅವನ ಹೆಸರು ಕೊರೋಶಿ ಚೋಮಾ ಶಾಂದೋರ್. ಕೊರೋಶ್ ಅವನ ಹುಟ್ಟೂರು. ಕೋಟ ಶಿವರಾಮ ಕಾರಂತ ಎಂದು ನಾವು ಹೇಳುವಂತೆ ಹಂಗೇರಿಯನ್ನರೂ ಊರು ಅಥವಾ ಮನೆತನದ ಹೆಸರನ್ನು ಮೊದಲು ಇಟ್ಟುಕೊಳ್ಳುತ್ತಾರೆ. ಯುರೋಪಿನಲ್ಲಿ ಹಾಗೆ ಮಾಡುವವರು ಬಹಳ ಮಂದಿ ಇಲ್ಲ. 1784ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟಿದ ಚೋಮಾ, ಹಂಗೇರಿಯನ್ನರ ಪೂರ್ವಜರು ಮಧ್ಯ ಏಷ್ಯಾದಲ್ಲಿ ಎಲ್ಲೋ ಇದ್ದಾರೆಂದು ನಂಬಿ 1819ರಲ್ಲಿ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ ಹೊರಟ. ಬಾಗ್ದಾದ್, ಟೆಹರಾನ್, ಬುಖಾರಾ, ಕಾಬೂಲ್, ಲಾಹೋರ್ ದಾಟಿ 1822ರಲ್ಲಿ ಲಡಾಖಿನ ಲೇಹ್ ತಲುಪಿದ; ದಾರಿಯ ಬಹುಪಾಲು ಕಾಲ್ನಡಿಗೆ. ಮುಂದಿನ ದಾರಿ ಮುಚ್ಚಿತ್ತು. ಮೂರ್‌ಕ್ರಾಫ್ಟ್ ಎಂಬ ಇಂಗ್ಲಿಷ್ ಪ್ರವಾಸಿಯ ಪ್ರೇರಣೆಯಿಂದ ಅವನು ಟಿಬೆಟನ್ ಕಲಿಯಲು ಕುಳಿತ. ಜಾಂಸ್ಕಾರ್ ಕಣಿವೆಯ ಜಾಂಗ್ಲಾದಲ್ಲಿ ಒಂಬತ್ತು ಅಡಿ ಚೌಕದ ಕೋಣೆಯಲ್ಲಿ, ಒಲೆಯ ಬೆಂಕಿಯೂ ಇಲ್ಲದೆ, ಒಬ್ಬ ಲಾಮಾನ ಜೊತೆ ಚಳಿಗಾಲ ಕಳೆದ. 1834ರಲ್ಲಿ ಕಲ್ಕತ್ತೆಯಿಂದ ಅವನ ಟಿಬೆಟನ್-ಇಂಗ್ಲಿಷ್ ನಿಘಂಟು ಮತ್ತು ವ್ಯಾಕರಣ ಹೊರಬಂದವು. ಏಷ್ಯಾಟಿಕ್ ಸೊಸೈಟಿಯಲ್ಲಿ ಗ್ರಂಥಪಾಲಕನಾಗಿ ದುಡಿದು, ಮತ್ತೆ ಲ್ಹಾಸಾದ ಕಡೆ ಹೊರಟಾಗ, 1842ರ ಏಪ್ರಿಲ್ 11ರಂದು ಡಾರ್ಜಿಲಿಂಗ್‌ನಲ್ಲಿ ಮಲೇರಿಯಾದಿಂದ ತೀರಿಕೊಂಡ. ತನ್ನ ಜನರ ಮೂಲ ಅವನಿಗೆ ಸಿಗಲೇ ಇಲ್ಲ.

ಸಿಗುವಂತೆಯೂ ಇರಲಿಲ್ಲ, ಏಕೆಂದರೆ ಅವನು ಹುಡುಕಿದ ದಿಕ್ಕೇ ಬೇರೆ. ಹಂಗೇರಿಯನ್ನರು ತಮ್ಮನ್ನು ಮ್ಯಾಗ್ಯಾರರು ಎಂದು ಕರೆದುಕೊಳ್ಳುತ್ತಾರೆ. ಹುನೋರ್ ಮತ್ತು ಮಾಗೋರ್ ಎಂಬ ಅಣ್ಣತಮ್ಮಂದಿರು ಒಂದು ಮಾಯಾಜಿಂಕೆಯ ಬೆನ್ನುಹತ್ತಿ ಹೊಸ ನಾಡಿಗೆ ಬಂದರೆಂದೂ, ಹುನೋರನಿಂದ ಹೂಣರು, ಮಾಗೋರನಿಂದ ಮ್ಯಾಗ್ಯಾರರು ಆದರೆಂದೂ ಅವರ ಐತಿಹ್ಯ. ಭಾಷಾಶಾಸ್ತ್ರ ಹೇಳುವುದು ಇನ್ನೊಂದು. ಹಂಗೇರಿಯನ್ ಭಾಷೆಗೆ ಅತಿ ಹತ್ತಿರದವು ಸೈಬೀರಿಯಾದ ಓಬ್ ನದಿಯ ದಂಡೆಯ ಖಾಂತಿ, ಮಾನ್ಸಿ ಎಂಬ ಸಣ್ಣ ಭಾಷೆಗಳು. ದೂರದ ಬಂಧು ಫಿನ್ನಿಶ್. ನೀರಿಗೆ ಹಂಗೇರಿಯನ್‌ನಲ್ಲಿ 'ವೀಜ್', ಫಿನ್ನಿಶ್‌ನಲ್ಲಿ 'ವೆಸಿ'. ರಕ್ತಕ್ಕೆ ಅಲ್ಲಿ 'ವೇರ್', ಇಲ್ಲಿ 'ವೆರಿ'. ಇನ್ನೊಂದು ಮಾತು ಕನ್ನಡಿಗರಿಗೆ ಸ್ವಾರಸ್ಯವೆನಿಸಬಹುದು. 'ಮನೆಗಳಲ್ಲಿ' ಎನ್ನಲು ಅವರು 'ಹಾಜ್-ಅಕ್-ಬನ್' ಎನ್ನುತ್ತಾರೆ: ಮನೆ, ಬಹುವಚನ, ವಿಭಕ್ತಿ ಪ್ರತ್ಯಯ, ನಮ್ಮ ಕ್ರಮದಲ್ಲೇ ಒಂದರ ಹಿಂದೊಂದು. ಇದರಿಂದ ಕನ್ನಡಕ್ಕೂ ಹಂಗೇರಿಯನ್‌ಗೂ ನಂಟು ಕಟ್ಟಿಬಿಡಬೇಡಿ! ರಚನೆ ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧವಾಗುವುದಿಲ್ಲ. ಇಂಥ ಹೋಲಿಕೆಗಳ ಮೇಲೆ ಇತಿಹಾಸ ಕಟ್ಟುವ ಚಪಲ ನಮ್ಮಲ್ಲೂ ಕಡಿಮೆಯಿಲ್ಲ.

ಸುಮಾರು ಕ್ರಿ.ಶ. 895ರಲ್ಲಿ ಆರ್ಪಾದ್ ಎಂಬ ನಾಯಕನ ಹಿಂದೆ ಮ್ಯಾಗ್ಯಾರರ ಏಳು ಪಂಗಡಗಳು ಕಾರ್ಪೇಥಿಯನ್ ಬೆಟ್ಟಗಳ ನಡುವಿನ ಬಯಲಿಗೆ ಇಳಿದವು. ಕುದುರೆ ಏರಿ ಬಂದವರು ಯುರೋಪನ್ನೆಲ್ಲ ನಡುಗಿಸಿ, 955ರಲ್ಲಿ ಜರ್ಮನಿಯ ಲೆಖ್‌ಫೆಲ್ಡ್‌ನಲ್ಲಿ ಸೋತು, ನೆಲೆನಿಂತು ಬೇಸಾಯಗಾರರಾದರು. ಕ್ರಿ.ಶ. 1000ದ ಕೊನೆಗೆ ಅಥವಾ 1001ರ ಮೊದಲ ದಿನ ಇಶ್ತ್‌ವಾನ್ ಎಂಬವನು ಕ್ರೈಸ್ತ ದೊರೆಯಾಗಿ ಕಿರೀಟ ಧರಿಸಿದ. ಹಂಗೇರಿ ಎಂಬ ರಾಜ್ಯ ಹುಟ್ಟಿತು. ಸರಿಸುಮಾರು ಅದೇ ಕಾಲದಲ್ಲಿ ನಮ್ಮ ತಲಕಾಡಿನ ಗಂಗರ ರಾಜ್ಯ ಚೋಳರ ಕೈ ಸೇರಿತು ಎಂದು ನೆನಪಿಟ್ಟುಕೊಂಡರೆ ಕಾಲದ ಅಳತೆ ಸಿಗುತ್ತದೆ.

ಇಂದಿನ ವಂಶವಾಹಿ ಸಂಶೋಧನೆ ಇದಕ್ಕೊಂದು ತಿರುವು ಕೊಟ್ಟಿದೆ. ಆರ್ಪಾದನ ಕಾಲದ ಸಮಾಧಿಗಳ ಮೂಳೆಗಳಲ್ಲಿ ಏಷ್ಯಾದ ಗುರುತುಗಳು ಸ್ಪಷ್ಟವಾಗಿವೆ. ಈಗಿನ ಹಂಗೇರಿಯನ್ನರಾದರೋ ಬಹುಮಟ್ಟಿಗೆ ತಮ್ಮ ನೆರೆಹೊರೆಯವರನ್ನೇ ಹೋಲುತ್ತಾರೆ. ಬಂದವರು ಕಡಿಮೆ, ಅಲ್ಲಿದ್ದವರು ಹೆಚ್ಚು. ರಕ್ತ ಬೆರೆಯಿತು, ಭಾಷೆ ಮಾತ್ರ ಬಂದವರದೇ ಉಳಿಯಿತು. ಆದ್ದರಿಂದ 'ಮೂಲ' ಎಂದರೆ ಒಂದು ಊರು, ಒಂದು ರಕ್ತ ಎಂದು ತಿಳಿಯುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ.

ಈಗ ಟಿಬೆಟನ್ನರ ಕಡೆ ಬರೋಣ. ಅವರ ಐತಿಹ್ಯದಲ್ಲಿ ಜಿಂಕೆಯ ಬದಲು ಕೋತಿ ಇದೆ. ಅವಲೋಕಿತೇಶ್ವರನ ಶಿಷ್ಯನಾದ ಒಂದು ಕೋತಿಯೂ ಬಂಡೆಯ ರಾಕ್ಷಸಿಯೊಬ್ಬಳೂ ಕೂಡಿ ಹುಟ್ಟಿದ ಮಕ್ಕಳೇ ಮೊದಲ ಟಿಬೆಟನ್ನರು. ತಂದೆಯಿಂದ ಕರುಣೆ, ತಾಯಿಯಿಂದ ಕೋಪ ಬಂದಿತೆಂದು ಹೇಳಿ ನಗುತ್ತಾರೆ. ವಿಜ್ಞಾನ ಕಂಡುಕೊಂಡದ್ದು ಇದಕ್ಕಿಂತ ಕಡಿಮೆ ವಿಸ್ಮಯದ್ದಲ್ಲ. ಲ್ಹಾಸಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ನಾವು ನೀವು ಅಲ್ಲಿ ಹೋಗಿ ಉಳಿದರೆ ಆಮ್ಲಜನಕ ಸಾಲದೆ ದೇಹ ಕೆಂಪು ರಕ್ತಕಣಗಳನ್ನು ಹೆಚ್ಚು ಮಾಡುತ್ತದೆ, ರಕ್ತ ಮಂದವಾಗುತ್ತದೆ. ಟಿಬೆಟನ್ನರಲ್ಲಿ ಹೀಗೆ ಮಿತಿಮೀರಿ ಆಗದಂತೆ ತಡೆಯುವ ಒಂದು ವಂಶವಾಹಿಯ ರೂಪ ಇರುವುದು 2010ರಲ್ಲಿ ತಿಳಿದುಬಂತು. ಅದು ಡೆನಿಸೋವನ್ ಎಂಬ, ಈಗ ಅಳಿದುಹೋಗಿರುವ ಬೇರೊಂದು ಮಾನವ ಗುಂಪಿನಿಂದ ಬಂದದ್ದೆಂದು 2014ರಲ್ಲಿ ಸ್ಪಷ್ಟವಾಯಿತು. ಬಾರ್ಲಿ ಬೆಳೆದು, ಕುರಿ ಸಾಕಿ ಮೂರು ಸಾವಿರ ಮೀಟರಿಗೂ ಮೇಲೆ ಜನ ಕಾಯಂ ನೆಲಸಿದ್ದು ಸುಮಾರು 3,600 ವರ್ಷಗಳ ಹಿಂದೆ. ಇಂಥ ಎತ್ತರಕ್ಕೆ ಹೊಂದಿಕೊಂಡ ಜನ ನಮ್ಮ ಪಿರಿಯಾಪಟ್ಟಣದ ಬಿಸಿಲಿಗೆ ಬಂದು ಬಿದ್ದಾಗ ಏನಾಗಿರಬೇಕೆಂಬುದನ್ನು ಮುಂದೆ ನೋಡೋಣ.

ಇವರ ರಾಜ್ಯ ಕಟ್ಟಿದವನು ಸೊಂಗ್‌ಟ್ಸೆನ್ ಗಂಪೊ. ಇಮ್ಮಡಿ ಪುಲಕೇಶಿ ಬಾದಾಮಿಯಲ್ಲೂ ಹರ್ಷವರ್ಧನ ಕನೌಜಿನಲ್ಲೂ ಆಳುತ್ತಿದ್ದ ಏಳನೆಯ ಶತಮಾನದ ಮೊದಲರ್ಧದಲ್ಲಿ ಅವನು ಯಾರ್ಲುಂಗ್ ಕಣಿವೆಯಿಂದ ಎದ್ದು ಚದುರಿದ ಬುಡಕಟ್ಟುಗಳನ್ನು ಒಂದುಗೂಡಿಸಿದ. ರಾಜ್ಯ ನಡೆಸಲು ಬರಹ ಬೇಕು. ತನ್ನ ಮಂತ್ರಿ ಥೋನ್ಮಿ ಸಂಭೋಟನನ್ನು ಭಾರತಕ್ಕೆ ಕಳುಹಿಸಿ ಲಿಪಿ ತರಿಸಿದನೆಂದು ಪರಂಪರೆ ಹೇಳುತ್ತದೆ. 'ಭೋಟ' ಎಂಬುದು ಆ ನಾಡಿಗೆ ಸಂಸ್ಕೃತದ ಹೆಸರು; ಅವರು 'ಬೋದ್' ಎನ್ನುತ್ತಾರೆ. ಅವನ ಸಂತತಿಯ ತ್ರಿಸೋಂಗ್ ದೆಟ್ಸೆನ್ ಕಾಲದಲ್ಲಿ, 763ರಲ್ಲಿ, ಟಿಬೆಟನ್ ಸೈನ್ಯ ಚೀನಾದ ರಾಜಧಾನಿ ಚಾಂಗ್‌ಆನ್‌ಗೇ ನುಗ್ಗಿ ಸುಮಾರು ಎರಡು ವಾರ ಹಿಡಿದಿಟ್ಟುಕೊಂಡಿತ್ತು. ಅದೇ ದೊರೆ ಭಾರತದಿಂದ ಶಾಂತರಕ್ಷಿತ, ಪದ್ಮಸಂಭವರನ್ನು ಕರೆಸಿ ಸಮ್ಯೆ ವಿಹಾರ ಕಟ್ಟಿಸಿದ. 821-822ರಲ್ಲಿ ಟಾಂಗ್ ಚೀನಾದೊಂದಿಗೆ ಗಡಿ ಒಪ್ಪಂದವಾಯಿತು. ಎರಡೂ ಭಾಷೆಗಳಲ್ಲಿ ಕೆತ್ತಿದ ಆ ಒಪ್ಪಂದದ ಕಂಬ ಲ್ಹಾಸಾದ ಜೋಖಾಂಗ್ ದೇಗುಲದ ಮುಂದೆ ಇಂದೂ ನಿಂತಿದೆ. ನಮ್ಮ ಹಲ್ಮಿಡಿ ಶಾಸನದಂತೆ ಅದನ್ನೂ ಮಕ್ಕಳು ಓದುತ್ತಾರೆ. ಅಲ್ಲಿ ಶಾಸನದ ಅರ್ಥವೇ ಇನ್ನೂ ವಿವಾದದ ವಸ್ತು.

842ರಲ್ಲಿ ದೊರೆ ಲಾಂಗ್‌ದರ್ಮನ ಕೊಲೆಯಾಗಿ ಸಾಮ್ರಾಜ್ಯ ಒಡೆದು ಹೋಳಾಯಿತು. ಆಮೇಲೆ ನಾಲ್ಕು ಶತಮಾನ ಕೇಂದ್ರ ಸರ್ಕಾರವೇ ಇಲ್ಲ. ಆದರೆ ಆ ಕಾಲದಲ್ಲೇ ಮಠಗಳು ಬೆಳೆದವು, ಭಾರತದ ಗ್ರಂಥಗಳು ಅನುವಾದವಾದವು. ನಳಂದಾ ನಾಶವಾದ ಮೇಲೆ ಸಂಸ್ಕೃತದಲ್ಲಿ ಕಳೆದುಹೋದ ಎಷ್ಟೋ ಕೃತಿಗಳು ಈಗ ಸಿಗುವುದು ಆ ಅನುವಾದಗಳಲ್ಲೇ. ಅವುಗಳ ಪಟ್ಟಿಯನ್ನು ಮೊದಲು ಇಂಗ್ಲಿಷಿಗೆ ಒದಗಿಸಿದವನೂ ಚೋಮಾನೇ.

ಮುಂದೆ ಎರಡು ಜನಾಂಗಗಳ ಮೇಲೂ ಒಂದೇ ಬಿರುಗಾಳಿ ಬೀಸಿತು. 1240ರಲ್ಲಿ ಮಂಗೋಲರ ಪಡೆ ಟಿಬೆಟ್ಟಿಗೆ ನುಗ್ಗಿತು. 1241ರ ಏಪ್ರಿಲ್‌ನಲ್ಲಿ ಅವರ ಇನ್ನೊಂದು ಪಡೆ ಮೋಹಿ ಎಂಬಲ್ಲಿ ಹಂಗೇರಿಯ ಸೈನ್ಯವನ್ನು ಧೂಳೀಪಟ ಮಾಡಿತು. ಹಂಗೇರಿಯಿಂದ ಮಂಗೋಲರು ಮರುವರ್ಷವೇ ಹಿಂದಿರುಗಿದರು. ದೊರೆ ಮರಳಿ ಬಂದು ಕೋಟೆಗಳನ್ನು ಕಟ್ಟಿದ. ಟಿಬೆಟ್ಟಿನಲ್ಲಿ ದೊರೆಯೇ ಇರಲಿಲ್ಲ. ಸಾಕ್ಯ ಮಠದ ಪಂಡಿತರು ಹೋಗಿ ಮಂಗೋಲ್ ರಾಜಕುಮಾರನೊಡನೆ ಮಾತಾಡಿ ನಾಡನ್ನು ಉಳಿಸಿಕೊಂಡರು. ಲಾಮಾ ಗುರು, ಖಾನ್ ಪೋಷಕ ಎಂಬ ಸಂಬಂಧ ಅಲ್ಲಿಂದ ಶುರುವಾಯಿತು. ಇಂದಿನ ಜಗಳದ ಬೇರು ಇಲ್ಲಿದೆ. ಮಂಗೋಲರು ಚೀನಾವನ್ನೂ ಆಳಿದ್ದರಿಂದ, ಟಿಬೆಟ್ ಅಂದಿನಿಂದಲೇ ಚೀನಾದ ಭಾಗವೆಂಬ ವಾದ ಬೀಜಿಂಗ್‌ನಿಂದ ಕೇಳಿಬರುತ್ತದೆ. ಅದು ಗುರು-ಪೋಷಕ ಸಂಬಂಧವೇ ಹೊರತು ಅಧೀನತೆಯಲ್ಲ ಎಂಬುದು ಟಿಬೆಟನ್ನರ ವಾದ. ಮಠಕ್ಕೆ ಉಂಬಳಿ ಕೊಟ್ಟ ರಾಜನಿಗೂ ಮಠಾಧಿಪತಿಗೂ ಇರುವ ನಂಟನ್ನು ಬಲ್ಲ ನಮಗೆ ಈ ವ್ಯತ್ಯಾಸ ಅರ್ಥವಾಗುವುದು ಕಷ್ಟವಲ್ಲ. ಆಧುನಿಕ ಅಂತರರಾಷ್ಟ್ರೀಯ ಕಾನೂನಿನಲ್ಲಿ ಮಾತ್ರ ಅಂಥ ನಂಟಿಗೆ ಹೆಸರೇ ಇಲ್ಲ.

'ದಲೈ' ಎಂಬುದು ಮಂಗೋಲ್ ಶಬ್ದ, ಸಮುದ್ರ ಎಂದರ್ಥ. 1578ರಲ್ಲಿ ಅಲ್ತಾನ್ ಖಾನ್ ಕೊಟ್ಟ ಬಿರುದು. 1642ರಲ್ಲಿ ಐದನೆಯ ದಲೈ ಲಾಮಾ ಇನ್ನೊಬ್ಬ ಮಂಗೋಲ್ ಖಾನನ ಬೆಂಬಲದಿಂದ ನಾಡಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು, ಪೊಟಾಲಾ ಅರಮನೆಯನ್ನು ಕಟ್ಟಿಸತೊಡಗಿದರು. ಅದೇ 1640ರ ದಶಕದಲ್ಲಿ ಪಿರಿಯಾಪಟ್ಟಣದ ಚಂಗಾಳ್ವರ ರಾಜ್ಯ ಮೈಸೂರಿನ ಕಂಠೀರವ ನರಸರಾಜ ಒಡೆಯರ ದಾಳಿಗೆ ಸಿಕ್ಕಿ ಕೊನೆಯಾಯಿತು. ಆರು ನೂರು ವರ್ಷಗಳಷ್ಟು ಬಾಳಿದ ಆ ಮನೆತನ ಅಳಿದರೂ ಪಿರಿಯಾಪಟ್ಟಣದ ಜನ ಯಾರೂ ಪರದೇಶಿಗಳಾಗಲಿಲ್ಲ. ದೊರೆ ಬದಲಾದ, ನುಡಿ ಬದಲಾಗಲಿಲ್ಲ. ಹೆಗ್ಗಡದೇವನಕೋಟೆಯ ಕಿತ್ತೂರಿನಿಂದ ಆಳಿದ ಪುನ್ನಾಟದ ಕಥೆಯೂ ಅಷ್ಟೇ. ಗ್ರೀಕ್ ಭೂಗೋಳಜ್ಞ ಟಾಲೆಮಿ ಹಸಿರು ಮಣಿಗಳ ನಾಡೆಂದು ಹೆಸರಿಸಿದ ಆ ರಾಜ್ಯ ಗಂಗರಲ್ಲಿ ಕರಗಿತು.

ಹದಿನೆಂಟನೆಯ ಶತಮಾನದಲ್ಲಿ ಚೀನಾದ ಮಂಚು ದೊರೆಗಳು ಲ್ಹಾಸಾದಲ್ಲಿ ತಮ್ಮ ಪ್ರತಿನಿಧಿಗಳನ್ನಿಟ್ಟರು. 1904ರಲ್ಲಿ ಬ್ರಿಟಿಷರ ದಂಡು ಹೋಯಿತು. 1911ರಲ್ಲಿ ಚೀನಾದಲ್ಲಿ ಕ್ರಾಂತಿಯಾಗಿ, 1913ರಲ್ಲಿ ಹದಿಮೂರನೆಯ ದಲೈ ಲಾಮಾ ತಮ್ಮ ನಾಡು ಸ್ವತಂತ್ರವೆಂದು ಸಾರಿದರು. ಮುಂದೆ ಸುಮಾರು ನಲವತ್ತು ವರ್ಷ ಟಿಬೆಟ್ ತನ್ನದೇ ನಾಣ್ಯ, ಅಂಚೆಚೀಟಿ, ಸೈನ್ಯಗಳನ್ನು ಇಟ್ಟುಕೊಂಡಿತ್ತು. ಆದರೆ ಲೀಗ್ ಆಫ್ ನೇಷನ್ಸ್‌ನ ಸದಸ್ಯನಾಗಿರಲಿಲ್ಲ, ವಿಶ್ವಸಂಸ್ಥೆಯ ಬಾಗಿಲನ್ನೂ ಸಮಯಕ್ಕೆ ತಟ್ಟಲಿಲ್ಲ. ಹೊರಗಿನ ಜಗತ್ತು ಬೇಡವೆಂದು ಬಾಗಿಲು ಹಾಕಿಕೊಂಡದ್ದು ಆ ಆಡಳಿತದ ದೊಡ್ಡ ದೋಷವೆಂದೇ ನನ್ನ ಅಭಿಪ್ರಾಯ. 1950ರ ಅಕ್ಟೋಬರ್‌ನಲ್ಲಿ ಚೀನೀ ಸೈನ್ಯ ಒಳಬಂತು. 1951ರ ಮೇ 23ರಂದು ಹದಿನೇಳು ಅಂಶಗಳ ಒಪ್ಪಂದಕ್ಕೆ ಸಹಿಯಾಯಿತು. 1959ರ ಮಾರ್ಚ್ 10ರಂದು ಲ್ಹಾಸಾ ದಂಗೆಯೆದ್ದಿತು. ಹದಿನಾಲ್ಕನೆಯ ದಲೈ ಲಾಮಾ ಮಾರ್ಚ್ 31ರಂದು ಭಾರತದ ಗಡಿ ದಾಟಿದರು. ಅವರ ಹಿಂದೆ ಸುಮಾರು 80,000 ಜನ ಬಂದರು.

ಮೂರು ವರ್ಷ ಮೊದಲು, 1956ರಲ್ಲಿ, ಸೋವಿಯೆತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿದಾಗ ಸುಮಾರು ಎರಡು ಲಕ್ಷ ಹಂಗೇರಿಯನ್ನರು ಹೀಗೆಯೇ ಗಡಿ ದಾಟಿದ್ದರು. ಹಂಗೇರಿಯೂ ಕಷ್ಟ ಕಾಣದ ನಾಡಲ್ಲ. 1526ರ ಮೊಹಾಚ್ ಕದನದ ನಂತರ ತುರ್ಕರು, ಆಮೇಲೆ ಹ್ಯಾಪ್ಸ್‌ಬರ್ಗ್ ದೊರೆಗಳು ಆಳಿದರು. 1920ರ ಒಪ್ಪಂದದಲ್ಲಿ ಮೂರನೇ ಎರಡು ಭಾಗ ನೆಲ ಹೋಯಿತು, ಚೋಮಾನ ಹುಟ್ಟೂರು ರುಮೇನಿಯಾಕ್ಕೆ ಸೇರಿತು. ಆದರೂ ಹಂಗೇರಿ ಎಂಬ ರಾಜ್ಯ ನಕ್ಷೆಯಿಂದ ಅಳಿಸಿಹೋಗಲಿಲ್ಲ. 1989ರಲ್ಲಿ ಗಾಳಿ ತಿರುಗಿದಾಗ, ಹಿಂತಿರುಗಲು ಬಯಸಿದವನಿಗೆ ಒಂದು ದೇಶವಿತ್ತು.

ಬೈಲಕುಪ್ಪೆಗೆ ಬಂದವರಿಗೆ ಆ ಅನುಕೂಲ ಇಲ್ಲ. ಪ್ರಧಾನಿ ನೆಹರೂ ರಾಜ್ಯಗಳಿಗೆ ಪತ್ರ ಬರೆದು ನೆಲ ಕೇಳಿದಾಗ ಮೈಸೂರು ರಾಜ್ಯ ಮುಂದೆ ಬಂತು. ಈ ಸಂಬಂಧ ಎಸ್. ನಿಜಲಿಂಗಪ್ಪನವರನ್ನು ದಲೈ ಲಾಮಾ ಹಲವು ಬಾರಿ ಕೃತಜ್ಞತೆಯಿಂದ ನೆನೆದಿದ್ದಾರೆ. ಸುಮಾರು 3,000 ಎಕರೆ ಕಾಡು ನೆಲದಲ್ಲಿ 1961ರ ಹೊತ್ತಿಗೆ ಮೊದಲ ವಸತಿ ಎದ್ದಿತು. ಡೇರೆಗಳಲ್ಲಿ ಉಳಿದು ಮರ ಕಡಿದರು, ಬೇರು ಕಿತ್ತರು. ಬಿಸಿಲಿಗೂ ಕಾಯಿಲೆಗೂ ಎಷ್ಟೋ ಜನ ಸತ್ತರು. ಬೆಳೆದ ಮುಸುಕಿನ ಜೋಳವನ್ನು ರಾತ್ರಿ ಆನೆಗಳು ತಿಂದು ಹೋಗುತ್ತಿದ್ದವು. ಆನೆಯ ಹಾವಳಿ ಏನೆಂದು ಹುಣಸೂರು, ಕೋಟೆ ಕಡೆಯವರಿಗೆ ಹೇಳಬೇಕಾಗಿಲ್ಲ. 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ವಸತಿ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು. ಚಳಿಗಾಲ ಬಂದರೆ ಊರೂರು ತಿರುಗಿ ಸ್ವೆಟರ್ ಮಾರುವುದು ಅವರ ಎರಡನೆಯ ಬೆಳೆಯಾಯಿತು.

ಇಷ್ಟು ಬಡತನದಲ್ಲಿ ಅವರು ಏನನ್ನು ಮೊದಲು ಕಟ್ಟಿದರು ನೋಡಿ. 1963ರಲ್ಲೇ ನಾಮ್‌ಡ್ರೋಲಿಂಗ್ ಮಠ. ಲ್ಹಾಸಾದ ಬಳಿ 1419ರಲ್ಲಿ ಹುಟ್ಟಿದ್ದ ಸೇರಾ ಮಹಾವಿದ್ಯಾಲಯ 1970ರ ಸುಮಾರಿಗೆ ಬೈಲಕುಪ್ಪೆಯಲ್ಲಿ ಮತ್ತೆ ಹುಟ್ಟಿತು. ತಾಶಿ ಲ್ಹುನ್‌ಪೊ ಕೂಡ ಅಲ್ಲೇ. 1433ರ ಗ್ಯುಮೆ ತಾಂತ್ರಿಕ ವಿದ್ಯಾಲಯಕ್ಕೆ ಈಗ ವಿಳಾಸ ಗುರುಪುರ. ಪಕ್ಕದಲ್ಲಿ ಮಕ್ಕಳ ಶಾಲೆ. ಥೋನ್ಮಿ ಸಂಭೋಟನ ಹೆಸರನ್ನೇ ಹೊತ್ತ ಒಂದು ಸಂಸ್ಥೆ ಇಂದು ವಲಸಿಗರ ಹಲವು ಶಾಲೆಗಳನ್ನು ನಡೆಸುತ್ತಿದೆ. ರಾಜ್ಯ ಕಳೆದುಕೊಂಡವರು ಲಿಪಿ ಕಲಿಸುವ ಮನೆಗಳನ್ನು ಮೊದಲು ಎಬ್ಬಿಸಿದರು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಇದೇ ತಾಲ್ಲೂಕುಗಳಲ್ಲಿ ನಾಗರಹೊಳೆ, ಬಂಡೀಪುರಗಳ ಕಾಡಿನಿಂದ ಹೊರಬಂದ ಜೇನುಕುರುಬರು, ಕಾಡುಕುರುಬರು ಇದ್ದಾರೆ. ಕಬಿನಿ ಜಲಾಶಯಕ್ಕೆ ಊರು ಬಿಟ್ಟವರಿದ್ದಾರೆ. ಅವರಿಗೆಂದೂ ಸ್ವಂತ ರಾಜ್ಯವಿರಲಿಲ್ಲ, ಲಿಪಿಯೂ ಇರಲಿಲ್ಲ. ಆದ್ದರಿಂದ ಹೇಳಿಕೊಳ್ಳಲು ಜಗತ್ತಿನ ವೇದಿಕೆಯೂ ಸಿಗಲಿಲ್ಲ. ದೇಶದ ನಾಗರಿಕರಾಗಿಯೂ ನೆಲಕ್ಕಾಗಿ ಅಲೆದ ಅವರ ಕಥೆ ಬೇರೆಯೇ ಒಂದು ಭಾಷಣಕ್ಕೆ ತಕ್ಕದ್ದು.

ಬೈಲಕುಪ್ಪೆಯಲ್ಲಿ ಹುಟ್ಟಿ, ಮೈಸೂರಿನ ಕಾಲೇಜಿನಲ್ಲಿ ನಿಮ್ಮ ಪಕ್ಕದ ಬೆಂಚಿನಲ್ಲಿ ಕುಳಿತ ಟಿಬೆಟನ್ ಹುಡುಗಿಯ ಬಳಿ ಇರುವುದು ನೋಂದಣಿ ಪತ್ರ. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲಿಗೆ ಹಳದಿ ರಟ್ಟಿನ ಗುರುತು ಪುಸ್ತಕ. ಅವಳ ಮನೆಯ ನೆಲ ಸರ್ಕಾರದ್ದು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯ ನಾಗರಿಕರೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲೂ ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲೂ ಹೇಳಿದವು. ಅಂದರೆ ಅವಳ ತಾಯಿ ಬಯಸಿದರೆ ಭಾರತೀಯಳಾಗಬಹುದು. ಆದರೆ ಬಯಸಬೇಕೇ ಎಂಬುದೇ ಅವರ ಮನೆಯ ಪ್ರಶ್ನೆ. ಪೌರತ್ವ ಪಡೆದರೆ ನೌಕರಿ, ಆಸ್ತಿ, ಪಾಸ್‌ಪೋರ್ಟ್ ಎಲ್ಲವೂ ಸುಲಭ. ಎಲ್ಲರೂ ಪಡೆದುಬಿಟ್ಟರೆ ಟಿಬೆಟ್ಟಿನ ನಿರಾಶ್ರಿತರು ಎಂಬ ಹೆಸರಿನಲ್ಲಿ ಕೇಳುವವರು ಯಾರು ಉಳಿದರು ಎಂದು ಹಿರಿಯರು ಕೇಳುತ್ತಾರೆ. 2009ರ ಅವರದೇ ಗಣತಿಯಲ್ಲಿ ಭಾರತದಲ್ಲಿ ಸುಮಾರು 94,000 ಟಿಬೆಟನ್ನರಿದ್ದರು. ಆಮೇಲೆ ಆ ಸಂಖ್ಯೆ ಇಳಿಯುತ್ತಲೇ ಇದೆ. ಯುವಜನರು ಯುರೋಪ್, ಅಮೆರಿಕ, ಕೆನಡಾಗಳ ಕಡೆ ಹೋಗುತ್ತಿದ್ದಾರೆ.

ಧರ್ಮಶಾಲಾದಲ್ಲಿರುವ ಅವರ ಆಡಳಿತವನ್ನು ಯಾವ ದೇಶವೂ ಸರ್ಕಾರವೆಂದು ಮಾನ್ಯ ಮಾಡಿಲ್ಲ. ಭಾರತವೂ ಟಿಬೆಟ್ ಸ್ವಾಯತ್ತ ಪ್ರದೇಶವನ್ನು ಚೀನಾದ ಭಾಗವೆಂದು 2003ರಲ್ಲಿ ಒಪ್ಪಿದೆ. ದಲೈ ಲಾಮಾ ಸ್ವತಃ ಕೇಳುತ್ತಿರುವುದು ಈಗ ಸ್ವಾತಂತ್ರ್ಯವನ್ನಲ್ಲ, ಚೀನಾದ ಒಳಗೇ ನಿಜವಾದ ಸ್ವಾಯತ್ತತೆಯನ್ನು. 2011ರಲ್ಲಿ ಅವರು ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕನಿಗೆ ಒಪ್ಪಿಸಿದರು. 1642ರಿಂದ ನಡೆದುಬಂದ ವ್ಯವಸ್ಥೆ ಅಂದಿಗೆ ಮುಗಿಯಿತು. ತಮ್ಮ ನಂತರವೂ ದಲೈ ಲಾಮಾ ಪೀಠ ಮುಂದುವರಿಯುವುದೆಂದೂ, ಮುಂದಿನವರನ್ನು ಗುರುತಿಸುವ ಹಕ್ಕು ತಮ್ಮ ಸಂಸ್ಥೆಗೆ ಮಾತ್ರ ಸೇರಿದ್ದೆಂದೂ 2025ರ ಜುಲೈ 2ರಂದು ಅವರು ಹೇಳಿದರು. ತನ್ನ ಒಪ್ಪಿಗೆಯಿಲ್ಲದೆ ಅದು ಸಲ್ಲದೆಂದು ಬೀಜಿಂಗ್ ಉತ್ತರಿಸಿತು. ಗುರುವನ್ನು ಆರಿಸುವವರು ಯಾರು ಎಂಬ ಈ ಜಗಳದಲ್ಲಿ ಸೇರಾ, ತಾಶಿ ಲ್ಹುನ್‌ಪೊ ಮಠಗಳ ಮಾತಿಗೂ ತೂಕವಿದೆ. ಆ ಮಠಗಳು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿವೆ.